ಹಳೆಯ ಸಾಫ್ಟ್‌ವೇರ್ ಲಿಂಕ್ ಆಗುತ್ತಿಲ್ಲವೇ? ಕಾಣೆಯಾದ ಲೈಬ್ರರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ವರ್ಷ ಹಳೆಯ ಪ್ರೋಗ್ರಾಂ ಒಂದನ್ನು ಇವತ್ತಿನ ಲಿನಕ್ಸ್‌ನಲ್ಲಿ ಕಟ್ಟಲು (ಸೋರ್ಸ್ ಕೋಡ್‌ನಿಂದ ಓಡಿಸಬಹುದಾದ ರೂಪಕ್ಕೆ ತರಲು) ಕೂತವರೆಲ್ಲ ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಜಾಸ್ತಿ. ವಿಟಿಯುದ 2018ರ ಸ್ಕೀಮ್‌ನಲ್ಲಿ ಐದನೇ ಸೆಮಿಸ್ಟರಿನ ನೆಟ್‌ವರ್ಕ್ ಲ್ಯಾಬ್‌ಗೆ ಎನ್ಎಸ್2 ಅಥವಾ ಎನ್ಎಸ್3 ಸಿಮ್ಯುಲೇಟರ್ ಬೇಕಿತ್ತು. ಎನ್ಎಸ್2ರ 2.35ನೇ ಆವೃತ್ತಿ ಬಂದದ್ದು 2011ರಲ್ಲಿ. ಅದು ಹೊಸ ಉಬುಂಟುವಿನಲ್ಲಿ ಒಂದೇ ಸಲಕ್ಕೆ ಕಟ್ಟಿಕೊಳ್ಳುವುದು ಅಪರೂಪ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಎನ್ಎಸ್2 ಆಗಾಗ ಬರುತ್ತದೆ. ಆದರೆ ಈ ಉತ್ತರಗಳು ಯಾವ ಹಳೆಯ ಸಿ, ಸಿ++ ಪ್ರೋಗ್ರಾಂಗೂ ಹೊಂದುತ್ತವೆ.

ಒಂದು ಸೂಚನೆ: ಕಮಾಂಡ್‌ಗಳನ್ನೂ ಎರರ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಲೈಬ್ರರಿ ಇಲ್ಲ ಅಂತ ಬರುತ್ತಿದೆ. ಎಲ್ಲಿಂದ ಶುರು ಮಾಡಲಿ?

ಲೈಬ್ರರಿ ಎಂದರೆ ಹಲವು ಪ್ರೋಗ್ರಾಂಗಳು ಎರವಲು ಪಡೆಯುವ ಫಂಕ್ಷನ್‌ಗಳ ಕಟ್ಟು. ಮೊದಲು ಯಾವ ಹಂತದಲ್ಲಿ ಅದು ಇಲ್ಲ ಅಂದಿತು ಎಂದು ನೋಡಿ. ಹಂತ ಮೂರು ಇವೆ. ಮೂರಕ್ಕೂ ಮದ್ದು ಬೇರೆ ಬೇರೆ.

ಕಂಪೈಲ್ ಆಗುವಾಗಲೇ ‘ಫೇಟಲ್ ಎರರ್, ನೋ ಸಚ್ ಫೈಲ್’ ಎಂದು ಒಂದು ಹೆಡರ್ ಫೈಲಿನ (ಲೈಬ್ರರಿಯ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ ಫೈಲ್) ಹೆಸರು ಬಂದರೆ ಕಂಪೈಲ್ ಆದ ತುಂಡುಗಳನ್ನೂ ಲೈಬ್ರರಿಗಳನ್ನೂ ಜೋಡಿಸುವ ಲಿಂಕರ್ ಇನ್ನೂ ಕೆಲಸಕ್ಕೇ ಇಳಿದಿಲ್ಲ. ‘ಕೆನಾಟ್ ಫೈಂಡ್ -ಎಲ್’ ಅಥವಾ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದರೆ ಅದು ಲಿಂಕರ್‌ನ ಮಾತು. ಎಲ್ಲ ಕಟ್ಟಿ ಮುಗಿದು, ಓಡಿಸಲು ಹೋದಾಗ ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಎಂದರೆ ಅದು ಓಡಿಸುವ ಹೊತ್ತಿಗೆ ಲೈಬ್ರರಿ ಹುಡುಕಿ ತರುವ ಲೋಡರ್‌ನದು. ಲಿಂಕರ್ ಮತ್ತು ಲೋಡರ್ ಲೈಬ್ರರಿ ಹುಡುಕುವ ಜಾಗಗಳು ಬೇರೆ, ಹುಡುಕುವ ಹೆಸರುಗಳೂ ಬೇರೆ. ಇದನ್ನು ಗಮನಿಸದೆ ಲಿಂಕರ್‌ನ ತಕರಾರಿಗೆ ಲೋಡರ್‌ನ ಮದ್ದು ಹಾಕಿ ಇಡೀ ದಿನ ಕಳೆದವರನ್ನು ನಾನು ಬಹಳ ನೋಡಿದ್ದೇನೆ.

ಇನ್ನೊಂದು ಮಾತು. ಪರದೆಯ ಮೇಲೆ ಕೊನೆಗೆ ಉಳಿಯುವ ಎರರ್ ನಿಜವಾದ ಎರರ್ ಅಲ್ಲ. ಅದು ಕಟ್ಟುವ ಕೆಲಸ ನಡೆಸುವ ‘ಮೇಕ್’ ಸೋತೆ ಎಂದು ಹೇಳುವ ಸಾಲು ಅಷ್ಟೆ. ಔಟ್‌ಪುಟ್ ಪೂರ್ತಿ ಒಂದು ಫೈಲಿಗೆ ಬರೆಸಿ, ಮೇಲಿನಿಂದ ಓದುತ್ತಾ ಬಂದು ಮೊದಲ ಎರರ್ ಹಿಡಿಯಿರಿ. ‘ಮೇಕ್ -ಜೆ8’ ಎಂದು ಎಂಟೆಂಟು ಕೆಲಸ ಒಟ್ಟಿಗೆ ಓಡಿಸಿದ್ದರೆ ಸಾಲುಗಳು ಕಲಸಿಹೋಗುತ್ತವೆ. ಹುಡುಕುವಷ್ಟು ಹೊತ್ತು ‘-ಜೆ1’ ಇರಲಿ.

ಕಾನ್ಫಿಗರ್ ಸ್ಕ್ರಿಪ್ಟ್ ‘ನಾಟ್ ಫೌಂಡ್’ ಎಂದು ನಿಂತುಬಿಟ್ಟಿತು. ಆದರೆ ಆ ಲೈಬ್ರರಿ ನನ್ನ ಮಷೀನಿನಲ್ಲಿದೆ!

‘ಕಾನ್ಫಿಗ್.ಲಾಗ್’ ತೆರೆಯಿರಿ. ಕಟ್ಟುವ ಮೊದಲು ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಒಂದು ಪುಟ್ಟ ಪ್ರೋಗ್ರಾಂ ಬರೆದು, ಲಿಂಕ್ ಮಾಡಿ ನೋಡಿ, ಆಗದಿದ್ದರೆ ‘ಇಲ್ಲ’ ಎನ್ನುತ್ತದೆ. ಯಾಕೆ ಆಗಲಿಲ್ಲ ಎನ್ನುವುದು ಈ ಲಾಗ್‌ನಲ್ಲಿ ಮಾತ್ರ ಇರುತ್ತದೆ.

ಗೂಢಲಿಪಿ ಲೈಬ್ರರಿಯಾದ ಓಪನ್ಎಸ್ಎಸ್ಎಲ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಸ್ಕ್ರಿಪ್ಟ್‌ಗಳು ಲಿಬ್‌ಎಸ್ಎಸ್ಎಲ್ ಇದೆಯೇ ಎಂದು ತಿಳಿಯಲು ‘ಎಸ್ಎಸ್ಎಲ್_ಲೈಬ್ರರಿ_ಇನಿಟ್’ ಎಂಬ ಫಂಕ್ಷನ್ನನ್ನು ಕರೆದು ನೋಡುತ್ತವೆ. 2016ರಲ್ಲಿ ಬಂದ ಓಪನ್ಎಸ್ಎಸ್ಎಲ್ 1.1.0ರಲ್ಲಿ ಅದು ಫಂಕ್ಷನ್ ಆಗಿ ಉಳಿಯಲಿಲ್ಲ, ಹೆಡರ್‌ನೊಳಗಿನ ಮ್ಯಾಕ್ರೋ ಆಯಿತು. ಲೈಬ್ರರಿ ಮುಂದೆಯೇ ಇದ್ದರೂ ಸ್ಕ್ರಿಪ್ಟ್‌ಗೆ ಕಾಣುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಆ ಹೆಸರಿನ ಜಾಗದಲ್ಲಿ ‘ಎಸ್ಎಸ್ಎಲ್_ಸಿಟಿಎಕ್ಸ್_ನ್ಯೂ’ ಎಂದು ಬದಲಿಸಿದರೆ ಈ ಬಾಗಿಲು ದಾಟಬಹುದು.

ದಾಟಿದ ಮೇಲೂ ಕೆಲಸ ಬಾಕಿ ಇರುತ್ತದೆ. ಅದೇ 1.1.0ರಲ್ಲಿ ಒಳಗಿನ ಸ್ಟ್ರಕ್ಚರ್‌ಗಳನ್ನು ಮುಚ್ಚಿಟ್ಟರು. ಅವುಗಳಿಗೆ ನೇರವಾಗಿ ಕೈ ಹಾಕುವ ಹಳೆಯ ಕೋಡ್ ಕಂಪೈಲೇ ಆಗುವುದಿಲ್ಲ. ಆಗ ಕೋಡ್ ತಿದ್ದಬೇಕು. ಇಲ್ಲವೇ 1.0.2ನ್ನು ‘/ಆಪ್ಟ್’ ಕೆಳಗೆ ಬೇರೆಯಾಗಿ ಕಟ್ಟಿ ಅದಕ್ಕೆ ಲಿಂಕ್ ಮಾಡಬೇಕು. 1.0.2ಕ್ಕೆ ಸಾರ್ವಜನಿಕ ಬೆಂಬಲ 2019ರ ಕೊನೆಗೇ ನಿಂತಿದೆ. ಅಂಥದ್ದನ್ನು ಇಂಟರ್ನೆಟ್‌ಗೆ ತೆರೆದ ಮಷೀನಿನಲ್ಲಿ ಓಡಿಸಬೇಡಿ. ಇದನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

‘ಕೆನಾಟ್ ಫೈಂಡ್ -ಎಲ್ಎಕ್ಸ್ಎಂಯು’ ಎನ್ನುತ್ತದೆ. ಆ ಫೈಲ್ ಡಿಸ್ಕ್‌ನಲ್ಲಿ ಇದೆಯಲ್ಲ?

‘-ಎಲ್’ ಆದಮೇಲೆ ಬರುವುದು ಲೈಬ್ರರಿಯ ಹೆಸರು, ಇಲ್ಲಿ ಎಕ್ಸ್ಎಂಯು. ಡಿಸ್ಕ್‌ನಲ್ಲಿ ಇರುವ ಫೈಲಿನ ಹೆಸರನ್ನು ಪೂರ್ತಿ ಓದಿ. ‘ಲಿಬ್‌ಎಕ್ಸ್ಎಂಯು.ಎಸ್ಒ.6’ ಎಂದಿರುತ್ತದೆ. ಆ 6 ಇರುವ ಹೆಸರು ಲೋಡರ್‌ಗೆ. ಲಿಂಕರ್‌ಗೆ ಬೇಕಾದದ್ದು ಕೊನೆಯ ಸಂಖ್ಯೆ ಇಲ್ಲದ ‘ಲಿಬ್‌ಎಕ್ಸ್ಎಂಯು.ಎಸ್ಒ’, ಅಥವಾ ‘.ಎ’ ಎಂದು ಮುಗಿಯುವ ಸ್ಟ್ಯಾಟಿಕ್ ಲೈಬ್ರರಿ. ಸ್ಟ್ಯಾಟಿಕ್ ಆದರೆ ಅದರ ಕೋಡ್ ಪ್ರೋಗ್ರಾಂನೊಳಗೇ ಸೇರಿಬಿಡುತ್ತದೆ. ‘.ಎಸ್ಒ’ ಶೇರ್ಡ್ ಲೈಬ್ರರಿ, ಓಡುವಾಗ ಹೊರಗಿನಿಂದ ಬರುತ್ತದೆ. ಸಂಖ್ಯೆ ಇಲ್ಲದ ಹೆಸರು ಸಾಮಾನ್ಯವಾಗಿ ಒಂದು ಸಿಮ್‌ಲಿಂಕ್, ಅಂದರೆ ಬೇರೆ ಫೈಲಿನ ಕಡೆಗೆ ಕೈ ತೋರಿಸುವ ಹೆಸರು. ಅದು ಡೆವಲಪ್‌ಮೆಂಟ್ ಪ್ಯಾಕೇಜಿನ ಜೊತೆ ಬರುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರಿನ ಕೊನೆಗೆ ‘-ಡೆವ್’ ಇರುತ್ತದೆ. ಫೆಡೋರಾ ಬಳಗದಲ್ಲಿ ‘-ಡೆವೆಲ್’. ಎನ್ಎಸ್2 ಕಟ್ಟುವವರು ಮೊದಲೇ ಬಿಲ್ಡ್-ಎಸೆನ್ಶಿಯಲ್, ಲಿಬ್‌ಎಕ್ಸ್11-ಡೆವ್, ಲಿಬ್‌ಎಕ್ಸ್‌ಟಿ-ಡೆವ್, ಲಿಬ್‌ಎಕ್ಸ್ಎಂಯು-ಡೆವ್ ಹಾಕಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಯಾವ ಪ್ಯಾಕೇಜ್ ಎಂದು ಊಹಿಸುತ್ತಾ ಕೂರಬೇಡಿ. ಡೆಬಿಯನ್ ಕಡೆ ‘ಏಪಿಟಿ-ಫೈಲ್ ಸರ್ಚ್’, ಫೆಡೋರಾ ಕಡೆ ‘ಡಿಎನ್ಎಫ್ ಪ್ರೊವೈಡ್ಸ್’ ಕಮಾಂಡ್‌ಗೆ ಫೈಲ್ ಹೆಸರು ಕೊಟ್ಟರೆ ಪ್ಯಾಕೇಜ್ ಹೆಸರು ಸಿಗುತ್ತದೆ.

ಡೆವ್ ಪ್ಯಾಕೇಜ್ ಇದ್ದೂ ಸಿಗದಿದ್ದರೆ ಮೇಲಿನ ಸಾಲುಗಳಲ್ಲಿ ‘ಸ್ಕಿಪಿಂಗ್ ಇನ್‌ಕಂಪ್ಯಾಟಿಬಲ್’ ಎಂಬ ಮಾತಿದೆಯೇ ನೋಡಿ. ಇದ್ದರೆ ನೀವು 32 ಬಿಟ್ ಕಟ್ಟುತ್ತಿದ್ದೀರಿ, ಲೈಬ್ರರಿ 64 ಬಿಟ್ ಇದೆ, ಅಥವಾ ಅದರ ತಿರುವುಮುರುವು. ಕೆಲವು ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ‘/ಯುಎಸ್ಆರ್/ಲಿಬ್’ ಒಂದನ್ನೇ ಇಣುಕಿ ನೋಡಿ ಇಲ್ಲ ಎನ್ನುವುದೂ ಉಂಟು. ಉಬುಂಟು 11.10 ಮತ್ತು ಡೆಬಿಯನ್ 7ರ ಕಾಲದಿಂದ ಲೈಬ್ರರಿಗಳು ‘/ಯುಎಸ್ಆರ್/ಲಿಬ್/ಎಕ್ಸ್86_64-ಲಿನಕ್ಸ್-ಗ್ನು’ ಎಂಬ ಒಳಗಿನ ಕೋಣೆಗೆ ಹೋಗಿವೆ. ಸ್ಕ್ರಿಪ್ಟ್‌ಗೆ ಆ ಹೊಸ ವಿಳಾಸ ಹೇಳಬೇಕು, ಅಷ್ಟೆ.

ಗಣಿತದ ಲೈಬ್ರರಿಗೆ ‘-ಎಲ್ಎಂ’ ಕೊಟ್ಟಿದ್ದೇನೆ. ಆದರೂ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ’. ಯಾಕೆ?

ಎಲ್ಲಿ ಕೊಟ್ಟಿದ್ದೀರಿ? ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹತ್ತರಲ್ಲಿ ಏಳೆಂಟು ಸಲ ಉತ್ತರವೂ ಒಂದೇ: ಸಾಲಿನ ಕೊನೆಗೆ ಹಾಕಿ.

ಲಿಂಕರ್ ಚೀಟಿ ಹಿಡಿದು ಸಂತೆಗೆ ಹೋದವನ ಥರ. ಎಡದಿಂದ ಬಲಕ್ಕೆ ಒಂದೇ ಸುತ್ತು ನಡೆಯುತ್ತದೆ. ನಿಮ್ಮ ‘.ಒ’ ಫೈಲ್‌ಗಳು (ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳು) ಸಿಕ್ಕಾಗ ಅವುಗಳಿಗೆ ಏನೇನು ಬೇಕೋ ಚೀಟಿಯಲ್ಲಿ ಬರೆದುಕೊಳ್ಳುತ್ತದೆ. ದಾರಿಯಲ್ಲಿ ಒಂದು ಸ್ಟ್ಯಾಟಿಕ್ ಲೈಬ್ರರಿ ಸಿಕ್ಕರೆ, ಆ ಹೊತ್ತಿಗೆ ಚೀಟಿಯಲ್ಲಿ ಇರುವುದನ್ನು ಮಾತ್ರ ಅಲ್ಲಿಂದ ತೆಗೆದುಕೊಂಡು ಮುಂದೆ ಹೋಗುತ್ತದೆ. ಲೈಬ್ರರಿಯನ್ನು ‘.ಒ’ ಫೈಲ್‌ಗಿಂತ ಮೊದಲು ಇಟ್ಟರೆ ಆಗ ಚೀಟಿ ಖಾಲಿ. ಏನನ್ನೂ ಕೊಳ್ಳದೆ ದಾಟಿಬಿಡುತ್ತದೆ. ಆಮೇಲೆ ಬೇಕೆಂದು ಗೊತ್ತಾದರೂ ಹಿಂದೆ ತಿರುಗುವುದಿಲ್ಲ.

ಹಾಗಾದರೆ ಹಿಂದೆ ಇದೇ ಮೇಕ್‌ಫೈಲ್ ನಡೆಯುತ್ತಿತ್ತಲ್ಲ ಎಂದು ಕೇಳುತ್ತಾರೆ. ನಿಜ, ನಡೆಯುತ್ತಿತ್ತು. ಶೇರ್ಡ್ ಲೈಬ್ರರಿಗಳ ವಿಷಯದಲ್ಲಿ ಲಿಂಕರ್ ಇಷ್ಟು ಬಿಗಿ ಇರಲಿಲ್ಲ. ಬೇಕಿರಲಿ ಬೇಡದಿರಲಿ, ಹೆಸರು ಹೇಳಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿತ್ತು. ಉಬುಂಟು 11.10ರಿಂದ ‘--ಆ್ಯಸ್-ನೀಡೆಡ್’ ಎಂಬ ಆಯ್ಕೆ ತಾನಾಗಿಯೇ ಚಾಲೂ ಆಯಿತು. ಅಂದಿನಿಂದ ಶೇರ್ಡ್ ಲೈಬ್ರರಿಗಳಿಗೂ ಸಂತೆಯ ನಿಯಮವೇ. ಅದಕ್ಕೇ ಇದೇ ಕೋಡ್ ಪಕ್ಕದವರ ಫೆಡೋರಾದಲ್ಲಿ ಲಿಂಕ್ ಆಗಿ, ನಿಮ್ಮ ಉಬುಂಟುವಿನಲ್ಲಿ ಆಗದೇ ಇರಬಹುದು.

ತಿದ್ದುವುದು ಹೇಗೆ? ಹಳೆಯ ಮೇಕ್‌ಫೈಲ್‌ಗಳಲ್ಲಿ ‘-ಎಲ್ಎಂ’ನಂಥವನ್ನು ‘ಎಲ್‌ಡಿಫ್ಲ್ಯಾಗ್ಸ್’ ವೇರಿಯಬಲ್‌ನಲ್ಲಿ ಇಟ್ಟಿರುತ್ತಾರೆ. ಅದು ಸಾಮಾನ್ಯವಾಗಿ ಸಾಲಿನ ಮುಂಭಾಗಕ್ಕೆ ಬರುತ್ತದೆ. ಅಲ್ಲಿಂದ ತೆಗೆದು ‘ಎಲ್‌ಡಿಲಿಬ್ಸ್’ ಅಥವಾ ‘ಲಿಬ್ಸ್’ಗೆ ಹಾಕಿ. ಲಿಂಕ್ ಮಾಡುವ ಸಾಲಿನಲ್ಲಿ ಅದು ಆಬ್ಜೆಕ್ಟ್ ಫೈಲ್‌ಗಳ ನಂತರ ಇದೆಯೇ ನೋಡಿಕೊಳ್ಳಿ. ಎರಡು ಸ್ಟ್ಯಾಟಿಕ್ ಲೈಬ್ರರಿಗಳು ಒಂದಕ್ಕೊಂದು ಬೇಕಾಗಿದ್ದರೆ ಎರಡನ್ನೂ ‘--ಸ್ಟಾರ್ಟ್-ಗ್ರೂಪ್’, ‘--ಎಂಡ್-ಗ್ರೂಪ್’ ನಡುವೆ ಇಡಿ. ಆಗ ಚೀಟಿ ಮುಗಿಯುವವರೆಗೆ ಲಿಂಕರ್ ಅವೆರಡರ ನಡುವೆಯೇ ಸುತ್ತುತ್ತದೆ. ‘-ಡಬ್ಲ್ಯುಎಲ್,--ನೋ-ಆ್ಯಸ್-ನೀಡೆಡ್’ ಕೊಟ್ಟರೂ ಶೇರ್ಡ್ ಲೈಬ್ರರಿಗಳ ಮಟ್ಟಿಗೆ ಕೆಲಸ ನಡೆಯುತ್ತದೆ. ಆದರೆ ನನ್ನ ಮಟ್ಟಿಗೆ ಕ್ರಮ ಸರಿ ಮಾಡುವುದೇ ಒಳ್ಳೆಯದು. ಮುಂದಿನ ವರ್ಷ ಬೇರೆ ಯಾರೋ ಕಟ್ಟುವಾಗಲೂ ಅದು ಉಳಿಯುತ್ತದೆ.

‘ಡಿಎಸ್ಒ ಮಿಸ್ಸಿಂಗ್ ಫ್ರಮ್ ಕಮಾಂಡ್ ಲೈನ್’ ಅಂದರೆ ಏನು?

ಡಿಎಸ್ಒ ಎಂದರೆ ಶೇರ್ಡ್ ಲೈಬ್ರರಿ. ಲಿಂಕರ್‌ಗೆ ಲೈಬ್ರರಿ ಸಿಕ್ಕಿದೆ, ಆದರೆ ನೀವು ಅದರ ಹೆಸರು ಹೇಳಿಲ್ಲ. ಹಿಂದೆ ನಿಮ್ಮ ಪ್ರೋಗ್ರಾಂ ‘ಎ’ ಲೈಬ್ರರಿ ಕೇಳಿದರೆ, ‘ಎ’ ಬಳಸುವ ‘ಬಿ’ ಲೈಬ್ರರಿಯ ಫಂಕ್ಷನ್‌ಗಳೂ ಸುಮ್ನೆ ಸಿಕ್ಕಿಬಿಡುತ್ತಿದ್ದವು. ಫೆಡೋರಾ 13ರಲ್ಲಿ, ಆಮೇಲೆ ಲಿಂಕರ್ ಇರುವ ಬಿನ್‌ಯುಟಿಲ್ಸ್ ಕಟ್ಟಿನ 2011ರ 2.22ರಿಂದ ಎಲ್ಲೆಡೆ, ಇದು ನಿಂತಿತು. ನೇರವಾಗಿ ಬಳಸುವುದನ್ನು ನೇರವಾಗಿಯೇ ಕೇಳಬೇಕು.

ಟರ್ಮಿನಲ್ ಮೆನು ಇರುವ ಹಳೆಯ ಪ್ರೋಗ್ರಾಂಗಳು ‘-ಎಲ್ಎನ್‌ಕರ್ಸಸ್’ ಒಂದನ್ನೇ ಕೊಡುತ್ತವೆ. ಅದರ ಕೆಲವು ಫಂಕ್ಷನ್‌ಗಳನ್ನು ಡಿಸ್ಟ್ರೋಗಳು (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆಗಳು) ‘ಟಿಇನ್ಫೋ’ ಎಂಬ ಬೇರೆ ಲೈಬ್ರರಿಗೆ ಹಾಕಿವೆ. ಪಕ್ಕದಲ್ಲಿ ‘-ಎಲ್‌ಟಿಇನ್ಫೋ’ ಸೇರಿಸಿ. ‘ಪಿಕೆಜಿ-ಕಾನ್ಫಿಗ್ --ಲಿಬ್ಸ್’ ಕೇಳಿದರೆ ಏನೇನು ಬೇಕೆಂದು ಅದೇ ಹೇಳುತ್ತದೆ.

ಒಂದು ಫಂಕ್ಷನ್ ಯಾವ ಲೈಬ್ರರಿಯಲ್ಲಿದೆ ಎಂದು ಹುಡುಕುವುದು ಹೇಗೆ?

ಮೊದಲು ಮ್ಯಾನ್ ಪೇಜ್. ಬಹಳ ಫಂಕ್ಷನ್‌ಗಳ ಪುಟದ ಮೇಲ್ಭಾಗದಲ್ಲೇ ಯಾವ ‘-ಎಲ್’ ಬೇಕೆಂದು ಬರೆದಿರುತ್ತದೆ. ಅಲ್ಲಿ ಇಲ್ಲದಿದ್ದರೆ ಅನುಮಾನ ಇರುವ ಶೇರ್ಡ್ ಲೈಬ್ರರಿಯ ಮೇಲೆ ‘ಎನ್ಎಂ’ ಓಡಿಸಿ, ದೊಡ್ಡಕ್ಷರದ ‘-ಡಿ’ ಕೊಡಿ. ಹೆಸರಿನ ಎಡಕ್ಕೆ ದೊಡ್ಡಕ್ಷರದ ‘ಟಿ’ ಇದ್ದರೆ ಫಂಕ್ಷನ್ ಅಲ್ಲಿದೆ. ‘ಯು’ ಇದ್ದರೆ ಆ ಲೈಬ್ರರಿಯೂ ಅದನ್ನು ಬೇರೆ ಕಡೆಯಿಂದ ಕೇಳುತ್ತಿದೆ. ಈ ‘ಯು’ ನೋಡಿ ‘ಸಿಕ್ಕಿತು’ ಎಂದುಕೊಳ್ಳುವುದು ಸಾಮಾನ್ಯ ತಪ್ಪು.

ಹಳೆಯ ಕೋಡ್‌ನಲ್ಲಿ ಮತ್ತೆ ಮತ್ತೆ ಸಿಗುವವು ಕೆಲವೇ. ‘ಡಿಎಲ್‌ಓಪನ್’ಗೆ ‘-ಎಲ್‌ಡಿಎಲ್’. ‘ಪಿಥ್ರೆಡ್_ಕ್ರಿಯೇಟ್’ಗೆ ‘-ಪಿಥ್ರೆಡ್’. ಪಾಸ್‌ವರ್ಡ್ ಗೂಢಲಿಪಿಯ ‘ಕ್ರಿಪ್ಟ್’ಗೆ ‘-ಎಲ್‌ಕ್ರಿಪ್ಟ್’. ‘ಕ್ಲಾಕ್_ಗೆಟ್‌ಟೈಮ್’ಗೆ ಹಿಂದೆ ‘-ಎಲ್ಆರ್‌ಟಿ’ ಬೇಕಿತ್ತು, ಲಿನಕ್ಸ್‌ನ ಮುಖ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.17ರಿಂದ ಬೇಡ. 2021ರ ಜಿಲಿಬ್‌ಸಿ 2.34ರಲ್ಲಿ ಪಿಥ್ರೆಡ್, ಡಿಎಲ್ ಎರಡೂ ಮುಖ್ಯ ಲೈಬ್ರರಿಯೊಳಗೇ ಸೇರಿಕೊಂಡವು. ಹಳೆಯ ಮೇಕ್‌ಫೈಲ್ ಮುರಿಯಬಾರದೆಂದು ಖಾಲಿ ಫೈಲ್‌ಗಳನ್ನು ಉಳಿಸಿದ್ದಾರೆ. ಹಾಗಾಗಿ ‘-ಎಲ್‌ಪಿಥ್ರೆಡ್’ ಇದ್ದರೆ ತೊಂದರೆಯೇನೂ ಇಲ್ಲ, ಹಾಗೇ ಬಿಡಿ.

ಎಲ್ಲ ಲೈಬ್ರರಿ ಹುಡುಕಿದೆ, ಆ ಫಂಕ್ಷನ್ ಎಲ್ಲೂ ಇಲ್ಲ. ಹಾಗೂ ಆಗುತ್ತದೆಯೇ?

ಆಗುತ್ತದೆ. ಕೆಲವನ್ನು ಜಿಲಿಬ್‌ಸಿ ಕೈಬಿಟ್ಟಿದೆ.

ಒಂದು ಮಷೀನಿನಿಂದ ಇನ್ನೊಂದರ ಫಂಕ್ಷನ್ ಕರೆಯಲು ಬಳಸುವ ಸನ್ ಆರ್‌ಪಿಸಿ ಅದರಲ್ಲಿ ದೊಡ್ಡದು. ‘ಸಿಎಲ್ಎನ್‌ಟಿ_ಕ್ರಿಯೇಟ್’, ‘ಎಕ್ಸ್‌ಡಿಆರ್_’ ಎಂದು ಶುರುವಾಗುವ ಫಂಕ್ಷನ್‌ಗಳು, ‘ಆರ್‌ಪಿಸಿ/ಆರ್‌ಪಿಸಿ.ಎಚ್’ ಹೆಡರ್, ಇವೆಲ್ಲ ಒಂದು ಕಾಲಕ್ಕೆ ಸಿ ಲೈಬ್ರರಿಯ ಜೊತೆಗೇ ಬರುತ್ತಿದ್ದವು. 2017ರ 2.26ರಲ್ಲಿ ಅವನ್ನು ಬದಿಗೆ ಸರಿಸಿದರು. 2020ರ 2.32ರಲ್ಲಿ ಪೂರ್ತಿ ತೆಗೆದರು. ಈಗ ‘ಲಿಬ್‌ಟಿಐಆರ್‌ಪಿಸಿ’ ಹಾಕಿಕೊಂಡು, ಹೆಡರ್ ಹುಡುಕುವ ದಾರಿಗೆ ‘/ಯುಎಸ್ಆರ್/ಇನ್‌ಕ್ಲೂಡ್/ಟಿಐಆರ್‌ಪಿಸಿ’ ಸೇರಿಸಿ, ಲಿಂಕ್ ಸಾಲಿನ ಕೊನೆಗೆ ‘-ಎಲ್‌ಟಿಐಆರ್‌ಪಿಸಿ’ ಕೊಡಬೇಕು. ವಿಜ್ಞಾನದ ಲೆಕ್ಕ ಮಾಡುವ ಹಳೆಯ ಪ್ರೋಗ್ರಾಂಗಳು ಡೇಟಾ ಫೈಲ್ ಬರೆಯಲು ಅದರ ಡೇಟಾ ರೂಪವಾದ ಎಕ್ಸ್‌ಡಿಆರ್ ಬಳಸಿರುವುದುಂಟು. ಅವಕ್ಕೆ ನೆಟ್‌ವರ್ಕ್‌ನ ಸಂಬಂಧವೇ ಇರುವುದಿಲ್ಲ, ಆದರೂ ಈ ಎರರ್ ಬರುತ್ತದೆ.

‘ಸಿಸ್_ಎರ್‌ಲಿಸ್ಟ್’ ಎಂಬ ಎರರ್ ಮಾತುಗಳ ಪಟ್ಟಿಯೂ 2.32ರಿಂದ ಹೊಸದಾಗಿ ಲಿಂಕ್ ಮಾಡುವವರಿಗೆ ಸಿಗುವುದಿಲ್ಲ. ಆ ಜಾಗಕ್ಕೆ ‘ಎಸ್‌ಟಿಆರ್‌ಎರರ್’ ಹಾಕಿ. ‘ಎಸ್‌ಟೈಮ್’ 2.31ರಲ್ಲಿ ಹೋಯಿತು, ‘ಕ್ಲಾಕ್_ಸೆಟ್‌ಟೈಮ್’ ಬಳಸಿ. ಇವೆರಡೂ ಐದು ನಿಮಿಷದ ಕೆಲಸ.

ಸಿ++ ಲೈಬ್ರರಿಯಲ್ಲಿ ಫಂಕ್ಷನ್ ಇದೆ, ಹೆಸರೂ ಒಂದೇ. ಆದರೂ ಅನ್‌ಡಿಫೈನ್ಡ್ ಯಾಕೆ?

ಎರರ್ ಸಾಲಿನಲ್ಲಿ ‘__ಸಿಎಕ್ಸ್ಎಕ್ಸ್11’ ಎಂಬ ಮಾತು ಹುಡುಕಿ. ಇದ್ದರೆ ಕಾರಣ ಸಿಕ್ಕಿತು.

ಲಿನಕ್ಸ್‌ನಲ್ಲಿ ಬಳಸುವ ಜಿಸಿಸಿ ಕಂಪೈಲರ್‌ನ 2015ರ 5ನೇ ಆವೃತ್ತಿಯಲ್ಲಿ ಸಿ++ನ ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆ ಬದಲಾಯಿತು. ಹಳೆಯದನ್ನೂ ಹೊಸದನ್ನೂ ಲಿಂಕರ್ ಬೆರೆಸಬಾರದೆಂದು ಹೊಸದಕ್ಕೆ ಬೇರೆ ಹೆಸರು ಕೊಟ್ಟರು. ನಿಮ್ಮ ಲೈಬ್ರರಿ ಹಳೆಯ ಕಂಪೈಲರ್‌ನಲ್ಲಿ ಕಟ್ಟಿದ್ದು, ನಿಮ್ಮ ಕೋಡ್ ಹೊಸದರಲ್ಲಿ ಕಟ್ಟಿದ್ದು. ಕಣ್ಣಿಗೆ ಎರಡೂ ಒಂದೇ ಫಂಕ್ಷನ್. ಲಿಂಕರ್‌ಗೆ ಎರಡು. ಈ ಎರರ್ ಬಂದದ್ದು ಒಳ್ಳೆಯದೇ ಆಯಿತು. ಬಾರದೆ ಲಿಂಕ್ ಆಗಿದ್ದರೆ ಓಡುವಾಗ ಎಲ್ಲೋ ಮೆಮೊರಿ ಕೆಟ್ಟು ಬಿದ್ದು, ಕಾರಣ ಹುಡುಕಲು ವಾರ ಹಿಡಿಯುತ್ತಿತ್ತು.

ಲೈಬ್ರರಿಯ ಸೋರ್ಸ್ ಇದ್ದರೆ ಎರಡನ್ನೂ ಒಂದೇ ಕಂಪೈಲರ್‌ನಲ್ಲಿ ಮತ್ತೆ ಕಟ್ಟಿ. ಸೋರ್ಸ್ ಇಲ್ಲದಿದ್ದರೆ ನಿಮ್ಮ ಕೋಡನ್ನು ‘_ಜಿಲಿಬ್‌ಸಿಎಕ್ಸ್ಎಕ್ಸ್_ಯೂಸ್_ಸಿಎಕ್ಸ್ಎಕ್ಸ್11_ಎಬಿಐ’ಗೆ 0 ಕೊಟ್ಟು ಕಂಪೈಲ್ ಮಾಡಿ.

ಸಾಲುಸಾಲಾಗಿ ‘ಆಪರೇಟರ್ ನ್ಯೂ’, ‘ಜಿಎಕ್ಸ್ಎಕ್ಸ್_ಪರ್ಸನ್ಯಾಲಿಟಿ’ ಎಂದೆಲ್ಲ ಬಂದರೆ ಅದು ಬೇರೆ ವಿಷಯ. ನೀವು ಲಿಂಕ್ ಮಾಡಲು ‘ಜಿಸಿಸಿ’ ಕರೆದಿದ್ದೀರಿ, ‘ಜಿ++’ ಕರೆಯಬೇಕಿತ್ತು.

‘ಮಲ್ಟಿಪಲ್ ಡೆಫಿನಿಷನ್’ ಅಂತ ನೂರು ಸಾಲು ಬಂತು. ಲೈಬ್ರರಿ ಎರಡು ಸಲ ಸೇರಿದೆಯೇ?

ಬಹುಶಃ ಇಲ್ಲ. ಹೆಡರ್ ಫೈಲಿನಲ್ಲಿ ‘ಎಕ್ಸ್‌ಟರ್ನ್’ ಎನ್ನದೆ ಒಂದು ಗ್ಲೋಬಲ್ ವೇರಿಯಬಲ್ ಬರೆದರೆ ಹಳೆಯ ಜಿಸಿಸಿ ಎಲ್ಲವನ್ನೂ ಒಂದಾಗಿಸುತ್ತಿತ್ತು. 2020ರ ಜಿಸಿಸಿ 10ರಿಂದ ಹಾಗೆ ಮಾಡುವುದಿಲ್ಲ. ‘-ಎಫ್‌ಕಾಮನ್’ ಕೊಡಿ, ಸಾಕು. ಸಮಯವಿದ್ದರೆ ಕೋಡನ್ನೇ ತಿದ್ದಿ.

ಕೋಡ್‌ನಲ್ಲೇ ಬರೆದಿರುವ ಇನ್‌ಲೈನ್ ಫಂಕ್ಷನ್ ಸಿಗುತ್ತಿಲ್ಲ ಎನ್ನುತ್ತದೆ.

ಇದೂ ಜಿಸಿಸಿ 5ರ ಬದಲಾವಣೆ. ಸಿ ಭಾಷೆಯ 1989ರ ಗ್ನು ರೂಢಿಯಿಂದ 2011ರ ರೂಢಿಗೆ ಅದು ದಾಟಿತು. ‘ಇನ್‌ಲೈನ್’ ಪದದ ಅರ್ಥ ಎರಡರಲ್ಲೂ ಬೇರೆ. ‘-ಎಫ್‌ಗ್ನು89-ಇನ್‌ಲೈನ್’ ಕೊಟ್ಟು ನೋಡಿ.

‘ರೀಕಂಪೈಲ್ ವಿತ್ -ಎಫ್‌ಪಿಐಇ’ ಎಂದು ಹೇಳುತ್ತಿದೆ. ನನ್ನ ಹತ್ತಿರ ‘.ಎ’ ಫೈಲ್ ಮಾತ್ರ ಇದೆ, ಸೋರ್ಸ್ ಇಲ್ಲ.

ಉಬುಂಟು 16.10 ಮತ್ತು ಡೆಬಿಯನ್ 9ರಿಂದ ಪ್ರೋಗ್ರಾಂಗಳನ್ನು ಮೆಮೊರಿಯ ಯಾವ ಜಾಗದಲ್ಲಾದರೂ ಕೂರುವಂತೆ ಕಟ್ಟುತ್ತಾರೆ. ಸುರಕ್ಷತೆಗಾಗಿ ಹೀಗೆ. ಹಳೆಯ ಸ್ಟ್ಯಾಟಿಕ್ ಲೈಬ್ರರಿಯ ಕೋಡ್ ಒಂದೇ ಜಾಗಕ್ಕೆ ಅಂಟಿಕೊಂಡದ್ದು. ಲಿಂಕ್ ಸಾಲಿಗೆ ‘-ನೋ-ಪಿಐಇ’ ಸೇರಿಸಿದರೆ ಪ್ರೋಗ್ರಾಂ ಹಳೆಯ ರೀತಿಯಲ್ಲೇ ಕಟ್ಟಿಕೊಳ್ಳುತ್ತದೆ.

ಎಲ್ಲ ಕಟ್ಟಿ ಮುಗಿಯಿತು. ಓಡಿಸಿದರೆ ‘ಲಿಬ್‌ಒಟಿಸಿಎಲ್.ಎಸ್ಒ: ಕೆನಾಟ್ ಓಪನ್’!

ಅಭಿನಂದನೆ, ಲಿಂಕರ್ ದಾಟಿದ್ದೀರಿ. ಈಗ ಲೋಡರ್‌ಗೆ ದಾರಿ ತೋರಿಸಬೇಕು.

ಎನ್ಎಸ್2ರ ಆಲ್-ಇನ್-ಒನ್ ಕಟ್ಟಿ ಮುಗಿದಾಗ ಪರದೆಯ ಕೊನೆಗೆ ಕೆಲವು ಸೂಚನೆ ಬರುತ್ತವೆ. ಅವನ್ನು ಓದದೆ ಟರ್ಮಿನಲ್ ಮುಚ್ಚುವವರೇ ಜಾಸ್ತಿ. ‘ಒಟಿಸಿಎಲ್-1.14’ ಫೋಲ್ಡರನ್ನೂ ಅದರ ಪಕ್ಕದ ‘ಲಿಬ್’ ಫೋಲ್ಡರನ್ನೂ ‘ಎಲ್‌ಡಿ_ಲೈಬ್ರರಿ_ಪಾತ್’ಗೆ ಸೇರಿಸಿ, ‘ಟಿಸಿಎಲ್8.5.10/ಲೈಬ್ರರಿ’ಯನ್ನು ‘ಟಿಸಿಎಲ್_ಲೈಬ್ರರಿ’ಗೆ ಕೊಡಿ ಎಂದು ಅಲ್ಲೇ ಬರೆದಿರುತ್ತದೆ. ‘.ಬ್ಯಾಶ್‌ಆರ್‌ಸಿ’ಗೆ ಆ ಸಾಲುಗಳನ್ನು ಹಾಕಿ ಹೊಸ ಟರ್ಮಿನಲ್ ತೆರೆಯಿರಿ. ಮುಂದೆ ‘ಸೂಡೋ’ ಹಾಕಿ ಓಡಿಸಿದರೆ ಈ ವೇರಿಯಬಲ್ ಒಳಗೆ ಹೋಗುವುದಿಲ್ಲ. ‘ನಿನ್ನೆ ನಡೀತಿತ್ತು, ಇವತ್ತು ಇಲ್ಲ’ ಎನ್ನುವವರಲ್ಲಿ ಕೆಲವರ ಕಾರಣ ಇದೇ.

ಲ್ಯಾಬ್‌ನ ಅರವತ್ತು ಮಷೀನಿಗೂ ಹಾಕಬೇಕಿದ್ದರೆ ವೇರಿಯಬಲ್ ಬೇಡ. ‘/ಇಟಿಸಿ/ಎಲ್‌ಡಿ.ಎಸ್ಒ.ಕಾನ್ಫ್.ಡಿ’ ಒಳಗೆ ‘.ಕಾನ್ಫ್’ ಎಂದು ಮುಗಿಯುವ ಒಂದು ಫೈಲ್ ಮಾಡಿ, ಫೋಲ್ಡರ್ ದಾರಿ ಬರೆದು, ‘ಎಲ್‌ಡಿಕಾನ್ಫಿಗ್’ ಓಡಿಸಿ. ಒಂದೇ ಪ್ರೋಗ್ರಾಂಗೆ ಮಾತ್ರ ಬೇಕಿದ್ದರೆ ಲಿಂಕ್ ಮಾಡುವಾಗಲೇ ‘-ಡಬ್ಲ್ಯುಎಲ್,-ಆರ್‌ಪಾತ್’ ಕೊಟ್ಟು ದಾರಿಯನ್ನು ಅದರೊಳಗೇ ಬರೆದುಬಿಡಿ. ನನಗೆ ಹೆಚ್ಚು ಇಷ್ಟವಾದ ವಿಧಾನ ಇದು. ಬೇರೆ ಯಾರ ತಂಟೆಗೂ ಹೋಗುವುದಿಲ್ಲ.

ಲೋಡರ್ ಎಲ್ಲೆಲ್ಲಿ ಹುಡುಕಿ ಸೋತಿತು ಎಂದು ಕಣ್ಣಾರೆ ನೋಡಬೇಕಾದರೆ ‘ಎಲ್‌ಡಿ_ಡಿಬಗ್’ಗೆ ‘ಲಿಬ್ಸ್’ ಎಂದು ಕೊಟ್ಟು ಪ್ರೋಗ್ರಾಂ ಓಡಿಸಿ.

ಯಾವ ಯಾವ ಲೈಬ್ರರಿ ಬೇಕೆಂದು ‘ಎಲ್‌ಡಿಡಿ’ಯಲ್ಲಿ ನೋಡಬಹುದಲ್ಲ?

ನೀವೇ ಕಟ್ಟಿದ್ದಾದರೆ ನೋಡಿ. ಎಲ್ಲಿಂದಲೋ ಇಳಿಸಿಕೊಂಡ ಬೈನರಿಯಾದರೆ ಬೇಡ, ಕೆಲವು ಸಂದರ್ಭದಲ್ಲಿ ‘ಎಲ್‌ಡಿಡಿ’ ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು. ‘ರೀಡ್‌ಎಲ್ಫ್ -ಡಿ’ ಕೊಟ್ಟು ‘ನೀಡೆಡ್’ ಎಂದಿರುವ ಸಾಲು ಓದಿ. ಅದು ಫೈಲ್ ಓದುತ್ತದೆ, ಓಡಿಸುವುದಿಲ್ಲ.

ಹೊಸ ಲೈಬ್ರರಿಗೆ ಹಳೆಯ ಹೆಸರಿನ ಸಿಮ್‌ಲಿಂಕ್ ಮಾಡಿದರೆ ಸಾಕು ಅಂತಾರೆ. ಮಾಡಲೇ?

ಬೇಡ.

ಹೆಸರಿನ ಕೊನೆಯ ಆ ಸಂಖ್ಯೆ ಸುಮ್ನೆ ಇಟ್ಟದ್ದಲ್ಲ. ಲೈಬ್ರರಿ ಬರೆದವರು ಹಳೆಯ ಪ್ರೋಗ್ರಾಂಗಳ ಜೊತೆ ಹೊಂದದಂಥ ಬದಲಾವಣೆ ಮಾಡಿದಾಗ ಅದನ್ನು ಬದಲಿಸುತ್ತಾರೆ. ‘ಲಿಬ್‌ಎನ್‌ಕರ್ಸಸ್.ಎಸ್ಒ.5’ ಕೇಳುವ ಪ್ರೋಗ್ರಾಂಗೆ 6ನ್ನು ತೋರಿಸಿದರೆ ಲೋಡರ್ ನಂಬುತ್ತದೆ. ಪ್ರೋಗ್ರಾಂ ಶುರುವೂ ಆಗಬಹುದು. ಆದರೆ ಒಳಗಿನ ಸ್ಟ್ರಕ್ಚರ್‌ಗಳ ಅಳತೆ ಬೇರೆ ಇದ್ದರೆ ಅದು ತಪ್ಪು ಜಾಗದಲ್ಲಿ ಬರೆಯುತ್ತದೆ. ಎರರ್ ಕೂಡ ಬರುವುದಿಲ್ಲ, ಲೆಕ್ಕ ತಪ್ಪುತ್ತದೆ. ಪ್ರಾಜೆಕ್ಟ್ ರಿಪೋರ್ಟ್‌ಗೆ ಆ ಲೆಕ್ಕ ಹಾಕುವವರು ನೀವು, ಅಲ್ವಾ?

ಕೆಲವು ವರ್ಷಗಳ ಹಿಂದೆ ಒಂದು ಲ್ಯಾಬ್‌ನಲ್ಲಿ ನಾನೇ ಕಂಡದ್ದು. ‘ಜಿಲಿಬ್‌ಸಿ ವರ್ಷನ್ ನಾಟ್ ಫೌಂಡ್’ ಎಂದು ಬಂದದ್ದಕ್ಕೆ ಒಬ್ಬ ಹುಡುಗ ಬೇರೆ ಮಷೀನಿನಿಂದ ‘ಲಿಬ್‌ಸಿ.ಎಸ್ಒ.6’ ತಂದು ಸಿಸ್ಟಂನ ಜಾಗದಲ್ಲಿಟ್ಟ. ಮರುಕ್ಷಣ ‘ಎಲ್ಎಸ್’ ಕೆಲಸ ಮಾಡಲಿಲ್ಲ. ‘ಸಿಪಿ’ ಇಲ್ಲ, ‘ಎಂವಿ’ ಇಲ್ಲ. ಯಾಕೆಂದರೆ ಅವೆಲ್ಲವೂ ಓಡುವುದು ಅದೇ ಫೈಲಿನ ಮೇಲೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಳೆಯ ಫೈಲ್ ವಾಪಸ್ ಇಡಬೇಕಾಯಿತು. ಹುಡುಗನ ಮುಖ ಬಾಡಿಹೋಗಿತ್ತು. ಅವನದೇನೂ ತಪ್ಪಿಲ್ಲ, ಯಾರೋ ಹೇಳಿಕೊಟ್ಟದ್ದನ್ನು ಮಾಡಿದ್ದ. ಸಿಸ್ಟಂನ ಲಿಬ್‌ಸಿಯನ್ನು ಮಾತ್ರ ಯಾವತ್ತೂ ಮುಟ್ಟಬೇಡಿ.

ಹಾಗಾದರೆ ‘ಜಿಲಿಬ್‌ಸಿ_2.34 ನಾಟ್ ಫೌಂಡ್’ಗೆ ಏನು ಮಾಡುವುದು?

ಇದು ತಿರುವುಮುರುವಾದ ಸಮಸ್ಯೆ. ಇಲ್ಲಿ ಹಳೆಯದು ನಿಮ್ಮ ಮಷೀನ್. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35 ಇದೆ, 20.04ರಲ್ಲಿ 2.31. ಮೊದಲನೆಯದರಲ್ಲಿ ಕಟ್ಟಿದ್ದನ್ನು ಎರಡನೆಯದಕ್ಕೆ ಒಯ್ದರೆ ಹೀಗಾಗುತ್ತದೆ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ನಡೆಯುವ ಭರವಸೆ ಇಲ್ಲ. ನಿಮ್ಮಲ್ಲಿ ಇರುವುದರಲ್ಲೇ ಅತಿ ಹಳೆಯ ಮಷೀನಿನಲ್ಲಿ ಕಟ್ಟಿ ಎಲ್ಲೆಡೆ ಹಂಚಿ.

ಫೈಲ್ ಕಣ್ಣೆದುರೇ ಇದೆ, ಓಡಿಸಿದರೆ ‘ನೋ ಸಚ್ ಫೈಲ್’ ಎನ್ನುತ್ತದೆ!

32 ಬಿಟ್ ಪ್ರೋಗ್ರಾಂ ಇರಬೇಕು. ಇಲ್ಲದಿರುವ ಫೈಲ್ ನಿಮ್ಮದಲ್ಲ, ಅದನ್ನು ಓಡಿಸುವ 32 ಬಿಟ್ ಲೋಡರ್, ‘ಎಲ್‌ಡಿ-ಲಿನಕ್ಸ್.ಎಸ್ಒ.2’. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಡಿಪಿಕೆಜಿ --ಆ್ಯಡ್-ಆರ್ಕಿಟೆಕ್ಚರ್ ಐ386’ ಕೊಟ್ಟು, ಅಪ್‌ಡೇಟ್ ಮಾಡಿ, ‘ಲಿಬ್‌ಸಿ6:ಐ386’ ಹಾಕಿ. ಫೆಡೋರಾದಲ್ಲಿ ‘ಜಿಲಿಬ್‌ಸಿ.ಐ686’. ನೀವೇ 32 ಬಿಟ್‌ಗೆ ಕಟ್ಟಬೇಕಿದ್ದರೆ ‘ಜಿಸಿಸಿ-ಮಲ್ಟಿಲಿಬ್’ ಹಾಕಿಕೊಂಡು ‘-ಎಂ32’ ಕೊಡಿ.

ಸೋರ್ಸ್ ಇಲ್ಲ, ಬೈನರಿ ಮಾತ್ರ. ಅದು ಕೇಳುವ ಲೈಬ್ರರಿ ಈಗಿನ ಡಿಸ್ಟ್ರೋದಲ್ಲಿ ಇಲ್ಲವೇ ಇಲ್ಲ.

ಮೊದಲು ಡಿಸ್ಟ್ರೋದ ಹೊಂದಾಣಿಕೆ ಪ್ಯಾಕೇಜ್ ಇದೆಯೇ ನೋಡಿ. ಫೆಡೋರಾದಲ್ಲಿ ಹಳೆಯ ‘ಲಿಬ್‌ಕ್ರಿಪ್ಟ್.ಎಸ್ಒ.1’ಗೆ ‘ಲಿಬ್‌ಎಕ್ಸ್‌ಕ್ರಿಪ್ಟ್-ಕಂಪ್ಯಾಟ್’ ಎಂಬುದು ಇದೆ.

ಅದೂ ಇಲ್ಲದಿದ್ದರೆ ಆ ಕಾಲದ ಡಿಸ್ಟ್ರೋದಿಂದಲೇ ತನ್ನಿ. ಡೆಬಿಯನ್‌ನವರು ತಮ್ಮ ಹಳೆಯ ಬಿಡುಗಡೆಗಳನ್ನು ಆರ್ಕೈವ್ ತಾಣದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅದು ದೊಡ್ಡ ಉಪಕಾರ. ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಬೇಡಿ. ‘ಡಿಪಿಕೆಜಿ-ಡೆಬ್ -ಎಕ್ಸ್’ನಿಂದ ಬಿಚ್ಚಿ, ಬೇಕಾದ ಫೈಲನ್ನು ಮಾತ್ರ ಪ್ರೋಗ್ರಾಂನ ಪಕ್ಕದ ಫೋಲ್ಡರ್‌ಗೆ ಹಾಕಿ. ‘ಪ್ಯಾಚೆಲ್ಫ್’ ಎಂಬ ಉಪಕರಣದಿಂದ ಆ ಬೈನರಿಯ ಆರ್‌ಪಾತ್ ಬದಲಿಸಿ ಅಲ್ಲಿಗೆ ತಿರುಗಿಸಿ. ಜಿಸಿಸಿ 3.3ರ ಕಾಲದ ‘ಲಿಬ್‌ಎಸ್‌ಟಿಡಿಸಿ++.ಎಸ್ಒ.5’ ಕೇಳುವ ಪ್ರೋಗ್ರಾಂಗಳು ಹೀಗೆ ಮತ್ತೆ ಎದ್ದು ನಿಂತದ್ದನ್ನು ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ. ‘ಲಿಬ್‌ಜಿ2ಸಿ’ ಕೇಳುವ ಫೋರ್ಟ್ರಾನ್ ಬೈನರಿಗಳಿಗೂ ಇದೇ ದಾರಿ. ಆ ಲೈಬ್ರರಿ ‘ಜಿ77’ ಕಂಪೈಲರ್‌ನದು. 2005ರ ಜಿಸಿಸಿ 4.0ರಲ್ಲಿ ಅದರ ಜಾಗಕ್ಕೆ ‘ಜಿಫೋರ್ಟ್ರಾನ್’ ಬಂತು.

ಯಾವಾಗ ಕೈಬಿಟ್ಟು ಕಂಟೇನರ್‌ಗೆ ಹೋಗಬೇಕು?

ಕಂಟೇನರ್ ಎಂದರೆ ನಿಮ್ಮ ಮಷೀನಿನೊಳಗೇ ಬೇರೆಯಾಗಿ ಓಡುವ ಇನ್ನೊಂದು ಡಿಸ್ಟ್ರೋದ ಪರಿಸರ. ನನ್ನ ಲೆಕ್ಕ ಹೀಗಿದೆ. ಒಂದೆರಡು ಲೈಬ್ರರಿಯ ತಕರಾರಾದರೆ ತಿದ್ದಿ. ಒಂದನ್ನು ತಿದ್ದಿದರೆ ಮೂರು ಹೊಸದು ಏಳುತ್ತಿದ್ದರೆ ನಿಲ್ಲಿಸಿ. ಆ ಪ್ರೋಗ್ರಾಂಗೆ ಬೇಕಾಗಿರುವುದು ಒಂದು ಲೈಬ್ರರಿ ಅಲ್ಲ, ಅದರ ಇಡೀ ಕಾಲ. ಅದನ್ನೇ ಕೊಡಿ. ಇದು ಸೋಲಲ್ಲ, ಸರಿಯಾದ ಕೆಲಸ.

ಎನ್ಎಸ್2ಗೆ ಉಬುಂಟು 14.04ರ ಕಂಟೇನರ್ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಜಿಸಿಸಿ 4.8 ಇದೆ. ಅಲ್ಲೂ ‘ಲಿಂಕ್‌ಸ್ಟೇಟ್/ಎಲ್ಎಸ್.ಎಚ್’ ಫೈಲಿನ 137ನೇ ಸಾಲಿನಲ್ಲಿ ‘ಇರೇಸ್’ ಇರುವುದನ್ನು ‘ದಿಸ್->ಇರೇಸ್’ ಎಂದು ತಿದ್ದಲೇಬೇಕು. ಇದು ಲಿಂಕ್ ಎರರ್ ಅಲ್ಲ, ಕಂಪೈಲ್ ಎರರ್. ಆದರೆ ಎಲ್ಲರೂ ಕೇಳುವುದರಿಂದ ಇಲ್ಲೇ ಹೇಳಿದೆ. ಸಿಮ್ಯುಲೇಶನ್ನನ್ನು ಚಿತ್ರವಾಗಿ ತೋರಿಸುವ ‘ನ್ಯಾಮ್’ನ ಚಿತ್ರ ಕಾಣಬೇಕಾದರೆ ‘/ಟಿಎಂಪಿ/.ಎಕ್ಸ್11-ಯುನಿಕ್ಸ್’ ಫೋಲ್ಡರನ್ನೂ ‘ಡಿಸ್‌ಪ್ಲೇ’ ವೇರಿಯಬಲ್ಲನ್ನೂ ಕಂಟೇನರ್ ಒಳಗೆ ಕೊಡಿ.

ಎರಡು ಕಡೆ ಎಡವುತ್ತೀರಿ, ಮೊದಲೇ ತಿಳಿದಿರಲಿ. ಹಳೆಯ ಡೆಬಿಯನ್ ಆರ್ಕೈವ್‌ನಿಂದ ಪ್ಯಾಕೇಜ್ ತರುವಾಗ ‘ರಿಲೀಸ್ ಫೈಲ್ ಅವಧಿ ಮುಗಿದಿದೆ’ ಎಂದು ಏಪಿಟಿ ನಿಲ್ಲಬಹುದು. ‘ಚೆಕ್-ವ್ಯಾಲಿಡ್-ಅನ್‌ಟಿಲ್’ ಆಯ್ಕೆಯನ್ನು ಫಾಲ್ಸ್ ಮಾಡಿ. ಸೆಂಟ್‌ಒಎಸ್ 6ರ ಕಂಟೇನರ್ ಶುರುವಾದ ತಕ್ಷಣ ಸತ್ತುಹೋದರೆ ಕಾರಣ ಹೊರಗಿನ ಕರ್ನಲ್. ಅಷ್ಟು ಹಳೆಯ ಜಿಲಿಬ್‌ಸಿಗೆ ಕರ್ನಲ್‌ನ ‘ವಿಸಿಸ್‌ಕಾಲ್’ ಎಂಬ ಹಳೆಯ ಸೌಲಭ್ಯ ಬೇಕು. ಕರ್ನಲ್‌ನ ಬೂಟ್ ಸಾಲಿಗೆ ‘ವಿಸಿಸ್‌ಕಾಲ್=ಎಮ್ಯುಲೇಟ್’ ಸೇರಿಸಿ ಮಷೀನ್ ರೀಸ್ಟಾರ್ಟ್ ಮಾಡಿ.

ನಿಮ್ಮ ಹತ್ತಿರ ಸಹಾಯ ಕೇಳುವಾಗ ಏನೇನು ಕಳಿಸಲಿ?

ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೋ ಬೇಡ, ಅದರಲ್ಲಿ ಅರ್ಧ ಸಾಲು ಕತ್ತರಿಸಿರುತ್ತದೆ. ಪಠ್ಯವಾಗಿ ಕಳಿಸಿ. ಮೊದಲ ಎರರ್, ಅದಕ್ಕಿಂತ ಮೇಲಿನ ಇಪ್ಪತ್ತು ಸಾಲು, ಸೋತ ಲಿಂಕ್ ಕಮಾಂಡ್ ಪೂರ್ತಿಯಾಗಿ. ಡಿಸ್ಟ್ರೋ ಹೆಸರು ಮತ್ತು ಸಂಖ್ಯೆ. ‘ಜಿಸಿಸಿ --ವರ್ಷನ್’, ‘ಎಲ್‌ಡಿಡಿ --ವರ್ಷನ್’ ಹೇಳುವ ಮೊದಲ ಸಾಲು, ಎರಡನೆಯದು ನಿಮ್ಮ ಜಿಲಿಬ್‌ಸಿ ಯಾವುದೆಂದು ಹೇಳುತ್ತದೆ. ಪ್ರೋಗ್ರಾಂನ ಆವೃತ್ತಿ ಮತ್ತು ಅದು ಬಂದ ವರ್ಷ. ಈಗಾಗಲೇ ಎಲ್ಲಾದರೂ ಸಿಮ್‌ಲಿಂಕ್ ಮಾಡಿದ್ದರೆ ಅದನ್ನೂ ಹೇಳಿ, ಬೈಯುವುದಿಲ್ಲ. ಅದು ಗೊತ್ತಿಲ್ಲದೆ ಹುಡುಕಿದರೆ ನಿಮ್ಮ ಸಂಜೆಯೂ ನನ್ನ ಸಂಜೆಯೂ ಹೋಗುತ್ತದೆ.